ಬಣ್ಣ ಬಳಿದ ಆಕಾಶದ ಕೆಳಗೆ ಹದಿನಾರನೆಯ ಸೋಮವಾರ

ಯಾರೂ ಕರೆಯದೆ ಬರುವ, ಯಾರೂ ಬೀಳ್ಕೊಡದೆ ಹೋಗುವ, ತನ್ನನ್ನು ನೋಡಲು ಯಾರಿಂದಲೂ ಟಿಕೆಟ್ಟು ಕೇಳದ ಸೂರ್ಯನಾರಾಯಣನಿಗೆ ಮೊದಲ ನಮಸ್ಕಾರ. ಆತನ ಉದಯಾಸ್ತಗಳನ್ನು ಗಮನಿಸಿಕೊಂಡು ಬಾಳಬೇಕೆಂದು ನನ್ನ ಪುಟ್ಟ ಬೊಗಸೆಗೆ ನೀರು ಹಾಕಿ ಕಲಿಸಿದ ತಂದೆಯವರಿಗೂ, ಆ ನೀರಿಗೆ ಅರ್ಥ ತುಂಬಿದ ಗುರುಗಳಿಗೂ ಎರಡನೆಯದು. ಮೂರನೆಯದು ನನ್ನ ತಂಗಿಗೆ. ವಯಸ್ಸಿನಲ್ಲಿ ಕಿರಿಯಳಾದವಳಿಗೆ ಅಣ್ಣನು ನಮಸ್ಕರಿಸುವ ರೂಢಿಯಿಲ್ಲ, ಆದರೂ ಬರೆಯುತ್ತಿದ್ದೇನೆ. ಕೋಪದಲ್ಲಿ ಲೇಖನಿ ಹಿಡಿದವನು ಕೃತಜ್ಞತೆಯನ್ನು ಮೊದಲೇ ಹೇಳಿ ಮುಗಿಸಬೇಕು. ಆಮೇಲೆ ಅದಕ್ಕೆ ಮನಸ್ಸು ಬಾರದೆ ಹೋದೀತು.

ನಾನು ರಾಜಾಜಿನಗರದ ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದವನು. ಈಗ ಬಸವೇಶ್ವರನಗರದಲ್ಲಿ ವಾಸ. ತಂಗಿಯ ಮನೆ ರಾಜಾಜಿನಗರದಲ್ಲಿಯೇ ಇದೆ. ಅವಳ ಯಜಮಾನರಿಗೆ, ಅಂದರೆ ನಮ್ಮ ಭಾವನವರಿಗೆ, ಕಳೆದ ಬೇಸಗೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆ ನಡೆಯಿತು. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕುಳಿತು ತಂಗಿಯು, ಅವರು ಎದ್ದು ಓಡಾಡುವಂತಾದರೆ ಹದಿನಾರು ಸೋಮವಾರಗಳ ವ್ರತ ಮಾಡುವೆನೆಂದು ಹರಸಿಕೊಂಡಳು. ಅವರು ಎದ್ದರು, ಓಡಾಡಿದರು, ಕಾಫಿಗೆ ಸಕ್ಕರೆ ಕಡಿಮೆಯಾಯಿತೆಂದು ಗೊಣಗುವಷ್ಟು ಗುಣವಾದರು. ಇವಳು ಸೋಮವಾರಗಳನ್ನು ಉಪವಾಸದಲ್ಲಿ ಕಳೆಯತೊಡಗಿದಳು. ಬೆಳಗಿನಿಂದ ನೀರು ಮಾತ್ರ. ಸೂರ್ಯ ಮುಳುಗಿದ ಮೇಲೆ ಪ್ರದೋಷ ಕಾಲದಲ್ಲಿ ಮಣ್ಣಿನಲ್ಲಿ ಲಿಂಗ ಮಾಡಿ, ಬಿಲ್ವಪತ್ರೆ ಏರಿಸಿ, ಗೋಧಿ ಹಿಟ್ಟು ಬೆಲ್ಲ ತುಪ್ಪಗಳ ಚೂರ್ಮವನ್ನು ನೈವೇದ್ಯ ಮಾಡಿದ ಮೇಲೆಯೇ ಅವಳ ಊಟ. ಆ ಕಾಲ ಒಂದು ವಾರ ತಪ್ಪಿದರೂ ಎಣಿಕೆ ಮತ್ತೆ ಮೊದಲಿನಿಂದ. ಅವಳದೇ ರಕ್ತದೊತ್ತಡ ಏರುಪೇರಾಗುತ್ತಿದ್ದುದರಿಂದ ವೈದ್ಯರು ಗದರಿದ್ದರು. ಈ ಹದಿನಾರು ಮುಗಿದರೆ ಇನ್ನು ಉಪವಾಸವಿಲ್ಲವೆಂದು ಅವಳು ಗಂಡನಿಗೆ ಮಾತು ಕೊಟ್ಟಿದ್ದಳು. ಆದ್ದರಿಂದ ಕೊನೆಯ ಸೋಮವಾರ ತಪ್ಪಿದರೆ ಮತ್ತೊಮ್ಮೆ ಆರಂಭಿಸಲು ಅವಳಿಗೆ ಯಾರೂ ಬಿಡುತ್ತಿರಲಿಲ್ಲ. ಹರಕೆ ಹರಕೆಯಾಗಿಯೇ ಉಳಿದುಬಿಡುತ್ತಿತ್ತು.

ಆ ಹದಿನಾರನೆಯ ಸೋಮವಾರದಂದೇ ಅವಳ ಅಳಿಯ ನಮ್ಮನ್ನು ಅಲ್ಲಿಗೆ ಕರೆದೊಯ್ದನು.

ಅಳಿಯ ಕೆಟ್ಟವನಲ್ಲ. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಯಂತ್ರಗಳ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ ಅವನದು. ಯಾರೋ ವ್ಯಾಪಾರಿ ಕೊಟ್ಟ ಪಾಸುಗಳು ಅವನ ಕೈಗೆ ಬಂದಿದ್ದವು. ವಾರದ ದಿನಗಳಲ್ಲಿ ಮಾತ್ರ ನಡೆಯುವಂಥವು. ಕೆಂಗೇರಿ ದಾಟಿ ಮೈಸೂರು ರಸ್ತೆಯ ಪಕ್ಕದಲ್ಲಿ ಹೊಸದಾಗಿ ಎದ್ದಿರುವ ಒಂದು ರೆಸಾರ್ಟು. ವಿದೇಶದ ಯಾವುದೋ ಕಾಲುವೆಗಳ ಪಟ್ಟಣದಂತೆ ಅದನ್ನು ಕಟ್ಟಿದ್ದಾರೆ. ಊಟ, ಅಂಗಡಿ, ಕುಣಿತ, ಜೂಜಿನ ಮೇಜುಗಳು ಎಲ್ಲವೂ ಒಂದೇ ಸೂರಿನಡಿ.

"ಜೂಜು ಅಂದ್ರೆ ದುಡ್ಡಿಂದಲ್ಲ ಮಾವ, ಬರೀ ಪಾಯಿಂಟು. ಮಕ್ಕಳಾಟ ಇದ್ದ ಹಾಗೆ," ಎಂದು ಅಳಿಯ ಕಾರಿನಲ್ಲಿ ಸಮಾಧಾನ ಹೇಳಿದನು. "ಮನೇಲೇ ಇದ್ದೂ ಇದ್ದೂ ಇವರಿಗೂ ಬೇಜಾರಾಗಿದೆ. ನಾಲ್ಕಕ್ಕೆಲ್ಲ ಹೊರಟುಬಿಡೋಣ. ಅತ್ತೆ ಪೂಜೆ ಹೊತ್ತಿಗೆ ಮನೇಲಿರ್ತೀವಿ."

ತಂಗಿ ಒಪ್ಪಿದ್ದು ಗಂಡನ ಮುಖ ನೋಡಿ. ಆದರೂ ಏನಾದರೂ ತಡವಾದೀತೆಂದು ಬಿಲ್ವಪತ್ರೆ, ತಾಮ್ರದ ಪಂಚಪಾತ್ರೆ, ತುಪ್ಪದ ಬತ್ತಿ, ಚೂರ್ಮದ ಡಬ್ಬಿ ಎಲ್ಲವನ್ನೂ ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು.

ಬಾಗಿಲಲ್ಲಿಯೇ ಆ ಚೀಲ ಕೈ ಬಿಟ್ಟಿತು. ಕಾವಲಿನವನು ಡಬ್ಬಿಯ ಮುಚ್ಚಳ ತೆಗೆದು ಮೂಸಿ, "ಹೊರಗಿನ ಊಟ ಬಿಡಲ್ಲ ಆಂಟಿ," ಎಂದನು.

"ಊಟ ಅಲ್ಲಪ್ಪ, ನೈವೇದ್ಯ. ಇನ್ನೂ ದೇವರಿಗೇ ಆಗಿಲ್ಲ."

"ಏನಾದ್ರೂ ಆಗ್ಲಿ ಆಂಟಿ, ರೂಲ್ಸು. ಲಾಕರಲ್ಲಿಡಿ, ಹೋಗೋವಾಗ ತಗೊಳ್ಳಿ."

ಚೀಲದ ಜೊತೆಗೆ ಎಲ್ಲರ ಫೋನುಗಳು ಹೋದವು. ಕೈಗಡಿಯಾರಗಳೂ ಹೋದವು, ಅವುಗಳಲ್ಲಿಯೂ ಈಗ ಕ್ಯಾಮೆರಾ ಇರುತ್ತದಂತೆ. ದಿನವೂ ಬೆಳಿಗ್ಗೆ ಕೀಲಿ ಕೊಡಬೇಕಾದ ನನ್ನ ಹಳೆಯ ಗಡಿಯಾರದಲ್ಲಿ ಎಲ್ಲಿಂದ ಕ್ಯಾಮೆರಾ ಬರಬೇಕು? ಕೇಳಿದೆ. ರೂಲ್ಸು ಎಂದೇ ಉತ್ತರ ಬಂತು. ಲಾಕರಿನ ಟೋಕನ್ನನ್ನು ಅಳಿಯ ಜೇಬಿಗೆ ಹಾಕಿಕೊಂಡನು.

ಒಳಗೆ ಕಾಲಿಟ್ಟಾಗ ನಾನು ನಿಜವಾಗಿಯೂ ಬೆರಗಾದೆ, ಅದನ್ನು ಮರೆಮಾಚುವುದಿಲ್ಲ. ನೆತ್ತಿಯ ಮೇಲೆ ಎತ್ತರದಲ್ಲಿ ನೀಲಿ ಆಕಾಶ, ಅದರಲ್ಲಿ ತೆಳುವಾಗಿ ಚಲಿಸುವ ಮೋಡಗಳು. ಅದು ಬಣ್ಣ ಬಳಿದು ದೀಪ ಬಿಟ್ಟ ಚಾವಣಿಯೆಂದು ಅಳಿಯ ಹೇಳಿದನೋ ಇಲ್ಲವೋ, ಹೇಳಿದ್ದರೂ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ಗಾಜಿನ ಸೂರಿನ ಮೂಲಕ ಹೊರಗಿನ ಆಕಾಶವೇ ಕಾಣುತ್ತಿದೆಯೆಂದು ನಾನು ಭಾವಿಸಿದೆ. ಕಾಲುವೆಯಲ್ಲಿ ಈಜುಕೊಳದ ವಾಸನೆಯ ನೀರು. ದೋಣಿ ನಡೆಸುವವನು ಪಟ್ಟೆ ಅಂಗಿ ತೊಟ್ಟು ನಮಗೆ ತಿಳಿಯದ ಭಾಷೆಯಲ್ಲಿ ಹಾಡುತ್ತಿದ್ದನು, ಹಾಡಿನ ನಡುವೆಯೇ ಎದುರಿನ ದೋಣಿಯವನಿಗೆ "ಊಟ ಆಯ್ತಾ ಮಗಾ?" ಎಂದು ಕೇಳಿ, ಮತ್ತೆ ಅದೇ ಎಳೆಯನ್ನು ಹಿಡಿದುಕೊಂಡನು. ಭಾವನವರಂತೂ ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಬಾಯ್ತುಂಬ ನಕ್ಕರು. ಆ ನಗುವನ್ನು ಕಂಡು ತಂಗಿಯ ಮುಖವೂ ಅರಳಿತು. ಅಲ್ಲಿಯವರೆಗೆ ನನಗೆ ಯಾರ ಮೇಲೂ ದೂರಿರಲಿಲ್ಲ.

ಊಟದ ಸಭಾಂಗಣದಲ್ಲಿ ದೇಶಕ್ಕೊಂದರಂತೆ ಮೇಜುಗಳು. ಭಾವನವರು ವೈದ್ಯರ ಮಾತನ್ನು ಒಂದು ದಿನದ ಮಟ್ಟಿಗೆ ಬದಿಗಿಟ್ಟು ಸೊಗಸಾಗಿ ಉಂಡರು. ನಾನು ಹೊರಗೆ ಬೇಯಿಸಿದ್ದನ್ನು ಉಣ್ಣುವುದಿಲ್ಲ; ಎರಡು ಬಾಳೆಹಣ್ಣು ಸಿಕ್ಕಿತು. ತಂಗಿ ನೀರು ಕುಡಿದಳು. ಅಳಿಯನು "ಒಂದೇ ಒಂದು ರೌಂಡ್ ಆಡ್ಕೊಂಡು ಬರ್ತೀನಿ, ಇಲ್ಲೇ ಕಾಲುವೆ ಹತ್ರ ಕೂತಿರಿ, ನಾಲ್ಕಕ್ಕೆ ಬಂದ್ಬಿಡ್ತೀನಿ," ಎಂದು ಹೋದನು.

ನಾವು ಕಾಲುವೆಯ ಮೆಟ್ಟಿಲ ಬಳಿ ಕುಳಿತೆವು. ಇನ್ನೂ ಅರೆಬರೆ ಮಾತಿನಲ್ಲಿದ್ದೇವೆ, ಆಕಾಶ ಕೆಂಪಾಗತೊಡಗಿತು.

ಒಂದು ತುದಿ ಕುಂಕುಮದ ಬಣ್ಣಕ್ಕೆ ತಿರುಗಿತು, ಮೋಡಗಳ ಅಂಚು ಹೊಳೆಯಿತು, ಕಾಲುವೆಯ ದೀಪಗಳು ಹೊತ್ತಿಕೊಂಡವು. ಹೊತ್ತು ಇಷ್ಟು ಬೇಗ ಕಳೆಯಿತೇ ಎಂದು ಯೋಚಿಸಲೂ ನಾನು ನಿಲ್ಲಲಿಲ್ಲ. ಸಂಜೆಯ ಬಣ್ಣ ಕಂಡರೆ ಕೈ ತಾನಾಗಿ ನೀರನ್ನು ಹುಡುಕುವುದು ನನ್ನ ಬಾಲ್ಯದಿಂದ ಬಂದ ಅಭ್ಯಾಸ. ಬಾಟಲಿಯ ನೀರನ್ನು ಬೊಗಸೆಗೆ ಸುರಿದುಕೊಂಡು, ಕೆಂಪಾದ ಕಡೆಯೇ ಪಶ್ಚಿಮವೆಂದು ತಿಳಿದು, ಮೆಟ್ಟಿಲ ಮೇಲೆ ಕುಳಿತು ಅರ್ಘ್ಯ ಬಿಟ್ಟೆ. ಬಿಟ್ಟು, ತಂಗಿಗೆ ಹೇಳಿದೆ: "ಮನೆ ಮುಟ್ಟೋಕಾಗಲ್ಲ ಕಣಮ್ಮ, ಕಾಲ ಮೀರತ್ತೆ. ಸಾಮಗ್ರಿ ಇಲ್ಲದಿದ್ರೂ ಪರವಾಗಿಲ್ಲ. ಕಣ್ಣುಮುಚ್ಚಿ ಮನಸ್ಸಿನಲ್ಲೇ ಪೂಜೆ ಮಾಡು. ಸಂಕಲ್ಪ ನಾನು ಹೇಳ್ತೀನಿ."

ಅವಳು ಕಣ್ಣು ಮುಚ್ಚಿದಳು. ನಾನು ತಿಥಿ, ವಾರ, ಸಾಯಂಕಾಲವೆಂದು ಉಚ್ಚರಿಸಿ ಸಂಕಲ್ಪ ಹೇಳಿಸಿದೆ. ಸುತ್ತ ಜನ ನಿಂತರು. ಮುಗಿಸಿ ನಮಸ್ಕರಿಸುವಾಗ ಚಪ್ಪಾಳೆ ಕೇಳಿಸಿತು. ನಮ್ಮನ್ನೂ ಅವರು ಪ್ರದರ್ಶನದ ಭಾಗವೆಂದು ತಿಳಿದಿದ್ದರು.

ತಂಗಿ ಅಂಗೈಯಲ್ಲಿ ನೀರು ಹಾಕಿಕೊಂಡು ತೀರ್ಥವೆಂದು ತುಟಿಯ ಹತ್ತಿರ ತಂದಿದ್ದಳು. ಅಷ್ಟರಲ್ಲಿ ಭಾವನವರು ಹೊಟ್ಟೆಯ ಮೇಲೆ ಕೈಯಾಡಿಸುತ್ತ, "ಅಲ್ಲ ಭಾವ," ಎಂದರು, "ಊಟದ ತೇಗೇ ಇನ್ನೂ ನಿಂತಿಲ್ಲ ನನಗೆ. ಅಷ್ಟರಲ್ಲಿ ಸಂಜೆ ಹೇಗಾಯ್ತು?"

ಅವಳ ಕೈ ನಿಂತಿತು. ನಾವು ಮೂವರೂ ತಲೆಯೆತ್ತಿದೆವು. ನೋಡುತ್ತಿದ್ದಂತೆಯೇ ಕುಂಕುಮ ಕರಗಿತು, ಆಕಾಶ ಮತ್ತೆ ನೀಲಿಯಾಯಿತು, ಮೊದಲಿನ ಮೋಡಗಳು ಮೊದಲಿನ ಜಾಗದಿಂದ ಹೊರಟವು. ಮುಳುಗಿದ ಸೂರ್ಯ ಮುಳುಗಿದ ಕಡೆಯಿಂದಲೇ ಹಿಂದಿರುಗಿದ್ದನು.

ತಂಗಿ ಅಂಗೈಯ ನೀರನ್ನು ಮೆಲ್ಲಗೆ ಕಾಲುವೆಗೆ ಬಿಟ್ಟಳು. "ಹೋಗಲಿ ಬಿಡಣ್ಣ, ನಾನಿನ್ನೂ ಬಾಯಿಗೆ ಹಾಕಿರಲಿಲ್ಲ," ಎಂದಳು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ದೇವರ ಹೆಸರಿನಲ್ಲಿ ನಾನು ಸುಳ್ಳು ಹೊತ್ತನ್ನು ಉಚ್ಚರಿಸಿದ್ದೆ. ಒಂದು ಚಾವಣಿಗೆ ಅರ್ಘ್ಯ ಕೊಟ್ಟಿದ್ದೆ. ದೀಪದ ಅಲಂಕಾರ ಮಾಡಿದ್ದರೆ ಮಾಡಲಿ, ಕಾಲುವೆ ತೋಡಿದ್ದರೆ ತೋಡಲಿ. ಜಗತ್ತಿನಲ್ಲಿ ಬಡವ ಬಲ್ಲಿದರಿಬ್ಬರಿಗೂ ಒಂದೇ ಆಗಿ ಉಳಿದಿರುವ ಸಂಜೆಯನ್ನು ಗುಂಡಿ ಒತ್ತಿ ತರಿಸಿ, ಗುಂಡಿ ಒತ್ತಿ ಕಳಿಸುವ ಅಧಿಕಾರವನ್ನು ಇವರಿಗೆ ಕೊಟ್ಟವರು ಯಾರು?

ಕಪ್ಪು ಕೋಟು ತೊಟ್ಟ ಮೇಲ್ವಿಚಾರಕಿಯೊಬ್ಬಳು ಹಾದುಹೋಗುತ್ತಿದ್ದಳು. ಕರೆದು ಗಂಟೆ ಎಷ್ಟೆಂದು ಕೇಳಿದೆ.

"ಒಳಗಡೆ ಗಡಿಯಾರ ಇಡಲ್ಲ ಸಾರ್," ಎಂದಳು ನಗುಮುಖದಿಂದ. "ಅದೇ ನಮ್ಮ ಕಾನ್ಸೆಪ್ಟು. ಬಂದೋರು ಟೈಮ್ ಮರೀಬೇಕು."

"ಮರೆಯೋಕೆ ಬಂದೋರು ಮರೀಲಮ್ಮ. ಸೂರ್ಯ ಮುಳುಗಿದ್ನೋ ಇಲ್ವೋ ಅಂತ ತಿಳ್ಕೋಬೇಕಾದೋರು ಏನು ಮಾಡ್ಬೇಕು?"

"ಇನ್ನೂ ಸನ್‌ಸೆಟ್ ಶೋ ಇದಾವೆ ಸಾರ್. ಫೌಂಟನ್ ಹತ್ರ ನಿಂತ್ರೆ ಇನ್ನೂ ಚೆನ್ನಾಗಿ ಕಾಣತ್ತೆ."

"ನಿನಗಾದ್ರೂ ಗೊತ್ತೇನಮ್ಮ, ಈಗ ಎಷ್ಟು ಹೊತ್ತು ಅಂತ?"

ಆಕೆಯ ನಗು ಸ್ವಲ್ಪ ಇಳಿಯಿತು. "ನಮ್ಮ ಹತ್ರಾನೂ ಫೋನ್ ಇಸ್ಕೋತಾರೆ ಸಾರ್. ಶಿಫ್ಟ್ ಮುಗಿದಾಗ ಬಂದು ಹೇಳ್ತಾರೆ," ಎಂದು ಹೊರಟುಹೋದಳು.

ಅಳಿಯ ನಾಲ್ಕಕ್ಕೆ ಬರುವನೆಂಬ ಒಂದೇ ನಂಬಿಕೆಯಲ್ಲಿ ನಾವು ಕಾದೆವು. ಅವನಿಲ್ಲದೆ ಟೋಕನ್ನಿಲ್ಲ, ಟೋಕನ್ನಿಲ್ಲದೆ ಚೀಲವಿಲ್ಲ. ಭಾವನವರು ಬೆಂಚಿನ ಮೇಲೆ ನಿದ್ದೆಹೋದರು. ಆಕಾಶ ಮತ್ತೊಮ್ಮೆ ಕೆಂಪಾಗಿ ಮತ್ತೊಮ್ಮೆ ನೀಲಿಯಾಯಿತು. ಇನ್ನೂ ಒಮ್ಮೆ ಆಯಿತು. ನಾನು ಕಣ್ಣು ತಗ್ಗಿಸಿಕೊಂಡು ಕುಳಿತೆ, ನೋಡಲಿಲ್ಲ. ಇಷ್ಟೊಂದು ಸಂಜೆಗಳಲ್ಲಿ ನಿಜವಾದ ಸಂಜೆ ಹೊರಗೆಲ್ಲೋ ಬಂದು ನಿಂತಿದ್ದರೆ ನಮಗೆ ತಿಳಿಸುವವರು ಯಾರು? ತಂಗಿಯ ತುಟಿಗಳು ಒಣಗಿದ್ದವು. ಕೇಳಿದರೆ ಚೆನ್ನಾಗಿದ್ದೇನೆಂದೇ ಹೇಳುತ್ತಿದ್ದಳು.

ಕೊನೆಗೆ ಭಾವನವರು ಎಚ್ಚೆತ್ತು ಆಕಳಿಸಿ, "ಹಸಿವಾಗ್ತಿದೆಯಲ್ಲ," ಎಂದರು. ಮಧ್ಯಾಹ್ನ ಅಷ್ಟು ಉಂಡವರಿಗೆ ಹಸಿವು. ನಾನು ಥಟ್ಟನೆ ಎದ್ದೆ. ಆ ಅರಮನೆಯಲ್ಲಿ ಸುಳ್ಳು ಹೇಳದ ಗಡಿಯಾರ ಅವರ ಹೊಟ್ಟೆಯೊಂದೇ ಆಗಿತ್ತು.

ಅಳಿಯನನ್ನು ಹುಡುಕಿಕೊಂಡು ಮೂವರೂ ನಡೆದೆವು. ಹೊರದಾರಿಯೆಂದು ಬಾಣದ ಗುರುತು ತೋರಿಸಿದ ಕಡೆಗೆ ಹೋದರೆ ಅಂಗಡಿಗಳ ಬೀದಿ. ಚರ್ಮದ ಚೀಲಗಳು, ಅತ್ತರು, ಕಾಲುವೆಯ ಚಿತ್ರವಿದ್ದ ಲೋಟಗಳು. ಮತ್ತೊಂದು ಬಾಣವನ್ನು ಹಿಡಿದು ಹೋದರೆ ಕತ್ತಲೆಯ ಕೋಣೆಯಲ್ಲಿ ಕುಣಿತ. ನೆಲ ನಡುಗುವ ಸದ್ದಿಗೆ ಭಾವನವರು ಎದೆಯ ಮೇಲೆ ಕೈಯಿಟ್ಟುಕೊಂಡರು, ತಂಗಿ ಗಾಬರಿಯಿಂದ ಅವರನ್ನು ಹಿಂದಕ್ಕೆ ಎಳೆದಳು. ಮೂರನೆಯ ಬಾಣ ನಮ್ಮನ್ನು ಜೂಜಿನ ಮೇಜುಗಳ ನಡುವೆ ತಂದು ನಿಲ್ಲಿಸಿತು. ಹೊರಗೆ ಹೋಗಬೇಕೆನ್ನುವವನನ್ನು ಮೇಜಿನ ಬಳಿಗೇ ತಂದು ಬಿಡುವ ಹಾಗೆ ಆ ದಾರಿಗಳನ್ನು ಯಾರೋ ಬುದ್ಧಿವಂತರು ಕೂತು ಯೋಚಿಸಿ ಹಾಕಿದ್ದಾರೆ. ನಾನು ಶಾಲೆಯಲ್ಲಿ ಕಲಿಸಿದ ಮಕ್ಕಳಲ್ಲಿ ಅಂಥ ಬುದ್ಧಿವಂತರು ಇದ್ದಿರಬಹುದೆಂಬ ಯೋಚನೆ ಬಂದು ನಾಲಗೆಯೆಲ್ಲ ಕಹಿಯಾಯಿತು.

ತಿರುಗುವ ಚಕ್ರದ ಮುಂದೆ ಅಳಿಯ ನಿಂತಿದ್ದನು. ಮುಂದೆ ಬಣ್ಣದ ಬಿಲ್ಲೆಗಳ ರಾಶಿ. ನಾನು ಹೆಗಲು ಮುಟ್ಟಿದಾಗ ತಿರುಗದೆಯೇ, "ಬಂದೆ ಮಾವ, ಇದೊಂದು ರೌಂಡು," ಎಂದನು.

"ಗಂಟೆ ಎಷ್ಟಾಗಿರಬಹುದಪ್ಪ?" ಎಂದೆ.

"ಮೂರೂವರೆ ಇರ್ಬೋದು. ಇನ್ನೂ ಟೈಮಿದೆಯಲ್ಲ."

ಅವನು ಸುಳ್ಳು ಹೇಳಲಿಲ್ಲ, ಅವನು ನಂಬಿದ್ದನು. ಅದೇ ನನ್ನ ತಾಳ್ಮೆಯನ್ನು ಮುರಿಯಿತು. ಮೇಜಿನ ಮೇಲೆ ಅಂಗೈಯಿಂದ ಹೊಡೆದೆ. ಬಿಲ್ಲೆಗಳು ಹಾರಿ ಚೆಲ್ಲಿದವು. "ನಿಮ್ಮ ಮಾವನವರಿಗೆ ಎರಡನೇ ಸಲ ಹಸಿವಾಗಿದೆ. ನಿಮ್ಮತ್ತೆ ಬೆಳಗಿಂದ ಉಪವಾಸ ಇದಾಳೆ. ದುಡ್ಡಿನ ಆಟ ಅಲ್ಲ ಅಂದೆಯಲ್ಲಪ್ಪ, ಪಾಯಿಂಟು ಅಂದೆ. ಇಷ್ಟು ಹೊತ್ತೂ ನೀನು ಆಡಿದ್ದು ಇವಳ ಸೋಮವಾರಾನ. ಹದಿನಾರು ವಾರ ಸೇರಿಸಿಟ್ಟದ್ದನ್ನ ಈ ಚಕ್ರದ ಮೇಲಿಟ್ಟು ತಿರುಗಿಸ್ತಿದ್ದೀಯ." ನನ್ನ ಧ್ವನಿ ನನಗೇ ಅಪರಿಚಿತವಾಗಿ ಕೇಳಿಸಿತು. ತರಗತಿಯಲ್ಲಿಯೂ ನಾನು ಅಷ್ಟು ಜೋರಾಗಿ ಮಾತಾಡಿದವನಲ್ಲ. ಸುತ್ತಲಿನ ಮೇಜುಗಳವರು ತಿರುಗಿ ನೋಡಿದರು.

ತಂಗಿ ಮುಂದೆ ಬಂದು ಕೈ ಚಾಚಿದಳು. "ಟೋಕನ್ ಕೊಡಪ್ಪ. ಮಿಕ್ಕಿದ್ದು ಕಾರಲ್ಲಿ ಮಾತಾಡೋಣ."

ಅವನು ಅವಳ ಒಣಗಿದ ತುಟಿಯನ್ನು ನೋಡಿದನು. ಬಿಲ್ಲೆಗಳನ್ನು ಅಲ್ಲಿಯೇ ಬಿಟ್ಟು, ಅತ್ತೆಯ ತೋಳು ಹಿಡಿದು, ಮೇಜುಗಳ ನಡುವೆ ಜನರನ್ನು ಸರಿಸುತ್ತ ನಡೆದನು.

ಲಾಕರಿನಿಂದ ಚೀಲ ಬಿಡಿಸಿಕೊಂಡು ಹೊರಬಾಗಿಲು ತೆರೆದಾಗ ಮುಖಕ್ಕೆ ಧೂಳಿನ ಗಾಳಿ ಬಡಿಯಿತು. ಸೂರ್ಯ ಮುಳುಗಿ ಆಗಿತ್ತು. ಪಶ್ಚಿಮದಲ್ಲಿ ಕಟ್ಟಡಗಳ ಹಿಂದೆ ಬೂದಿ ಬೆರೆತ ಕೆಂಪು ಉಳಿದಿತ್ತು. ಒಳಗಿನದರಷ್ಟು ಸುಂದರವಾಗಿರಲಿಲ್ಲ, ಆದರೂ ಅದನ್ನು ಕಂಡು ನನ್ನ ಕಣ್ಣು ತುಂಬಿ ಬಂತು. ಪ್ರದೋಷ ಕಾಲ ಆಗಲೇ ನಡೆಯುತ್ತಿತ್ತು, ಇನ್ನೂ ಉಳಿದಿತ್ತು. ಆದರೆ ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಕಡೆಗೆ ಕೆಂಪು ದೀಪಗಳ ಸಾಲು ಅಲುಗಾಡದೆ ನಿಂತಿತ್ತು. ಆ ಸಾಲಿನಲ್ಲಿ ಸೇರಿದರೆ ರಾಜಾಜಿನಗರ ಮುಟ್ಟುವ ಹೊತ್ತಿಗೆ ಕಾಲ ಮೀರುವುದು ಖಂಡಿತ.

"ಇಲ್ಲೇ ಮಾಡೋಣ," ಎಂದೆ.

"ಇಲ್ಲಿ ಪೂಜೆ ಗೀಜೆ ಮಾಡೋ ಹಾಗಿಲ್ಲ ಸಾರ್." ಬೆಳಗಿನ ಕಾವಲಿನವನೇ ಹಿಂದೆ ಬಂದಿದ್ದನು. "ಪಾರ್ಕಿಂಗಲ್ಲಿ ಬೆಂಕಿ ಹಚ್ಚಿದ್ರೆ ನನ್ನ ಕೇಳ್ತಾರೆ. ಮೇಲೆ ಕ್ಯಾಮೆರಾ ಇದೆ ನೋಡಿ."

"ಒಳಗೆ ಗಂಟೆಗೊಂದು ಸೂರ್ಯನ್ನ ಮುಳುಗಿಸೋಕೆ ಅಪ್ಪಣೆ ಇದೆ. ಒಂದು ತುಪ್ಪದ ಬತ್ತಿ ಹಚ್ಚೋಕೆ ಇಲ್ವೇ?" ಎಂದು ನಾನು ಅವನ ಮೇಲೆ ಎಗರಿದೆ. ಇನ್ನೂ ಏನೇನು ಹೇಳಿದೆನೋ. ಅವನು ತಲೆ ತಗ್ಗಿಸಿ ನಿಂತಿದ್ದನೇ ಹೊರತು ದಾರಿ ಬಿಡಲಿಲ್ಲ.

ನಮ್ಮ ಜಗಳ ನಡೆಯುತ್ತಿರುವಾಗಲೇ ತಂಗಿ ಯಾರನ್ನೂ ಕೇಳದೆ ಹೂವಿನ ಪಾತಿಯ ಅಂಚಿನಲ್ಲಿ ಕುಳಿತಿದ್ದಳು. ಪಾತಿಯ ಮಣ್ಣಿಗೆ ನೀರು ಬೆರೆಸಿ, ಅಂಗೈಯಲ್ಲಿ ಉರುಳಿಸಿ ಲಿಂಗ ಮಾಡುತ್ತಿದ್ದಳು. ಅಳಿಯ ಒಮ್ಮೆ ಅವಳನ್ನೂ, ಒಮ್ಮೆ ಕಂಬದ ಮೇಲಿನ ಕ್ಯಾಮೆರಾವನ್ನೂ ನೋಡಿದನು. ಹೋಗಿ ಕಾರನ್ನು ತಂದು, ಕಂಬಕ್ಕೂ ಪಾತಿಗೂ ನಡುವೆ ಅಡ್ಡಲಾಗಿ ನಿಲ್ಲಿಸಿದನು. "ಈಗ ಕ್ಯಾಮೆರಾಗೆ ಕಾರು ಮಾತ್ರ ಕಾಣತ್ತೆ ಅಣ್ಣ. ಕೇಳಿದ್ರೆ ಸ್ಟಾರ್ಟ್ ಆಗ್ತಿರ್ಲಿಲ್ಲ ಅನ್ನಿ," ಎಂದು ಕಾವಲಿನವನಿಗೆ ಹೇಳಿದನು. ಆತನು ಅತ್ತಿತ್ತ ನೋಡಿ, ಬೆನ್ನು ತಿರುಗಿಸಿ ನಿಂತನು.

ಈ ಸಲ ಸಂಕಲ್ಪ ಹೇಳುವ ಮೊದಲು ನಾನು ಆಕಾಶವನ್ನು ಬಹಳ ಹೊತ್ತು ನೋಡಿದೆ. ಒಂದು ನಕ್ಷತ್ರ ಕಂಡ ಮೇಲೆಯೇ ಬಾಯಿ ತೆರೆದೆ. ಜನರೇಟರಿನ ಹೊಗೆಯಲ್ಲಿ, ಹೆದ್ದಾರಿಯ ಹಾರನ್ನುಗಳ ನಡುವೆ ಬಿಲ್ವಪತ್ರೆಗಳು ಒಂದೊಂದಾಗಿ ಮಣ್ಣಿನ ಲಿಂಗದ ಮೇಲೆ ಬಿದ್ದವು. ಬತ್ತಿ ಗಾಳಿಗೆ ನಿಲ್ಲುತ್ತಿರಲಿಲ್ಲ. ಭಾವನವರು ಕಷ್ಟಪಟ್ಟು ಮೊಣಕಾಲೂರಿ, ಎರಡೂ ಕೈಗಳನ್ನು ಬಟ್ಟಲು ಮಾಡಿ ಜ್ವಾಲೆಗೆ ಮರೆ ಹಿಡಿದರು. ಯಾರ ಜೀವಕ್ಕಾಗಿ ಹರಕೆಯೋ ಅವರ ಕೈಗಳೊಳಗೆ ಆ ದೀಪ ಕೊನೆಯವರೆಗೂ ಉರಿಯಿತು.

ಈ ವ್ರತದಲ್ಲಿ ನೈವೇದ್ಯವನ್ನು ಮೂರು ಪಾಲು ಮಾಡಬೇಕು: ಒಂದು ದೇವರಿಗೆ, ಒಂದು ಹತ್ತಿರವಿದ್ದವರಿಗೆ, ಉಳಿದದ್ದು ವ್ರತ ಹಿಡಿದವರಿಗೆ. ತಂಗಿ ಎರಡನೆಯ ಪಾಲಿನಿಂದ ನಮಗೂ ಅಳಿಯನಿಗೂ ಕೊಟ್ಟು, ಎದ್ದುಹೋಗಿ ಕಾವಲಿನವನ ಅಂಗೈಯಲ್ಲಿಯೂ ಒಂದು ಉಂಡೆ ಇಟ್ಟಳು. ಇನ್ನೊಂದನ್ನು ಕಾಗದದಲ್ಲಿ ಸುತ್ತಿ, "ಒಳಗೆ ಕರಿ ಕೋಟು ಹಾಕ್ಕೊಂಡಿರೋ ಹುಡುಗಿ ಇದಾಳಲ್ಲಪ್ಪ, ಶಿಫ್ಟ್ ಮುಗಿದ ಮೇಲೆ ಕೊಡು. ಅವಳಿಗೂ ಹೊತ್ತು ಗೊತ್ತಾಗಲ್ವಂತೆ," ಎಂದಳು.

"ಅವರಿಗೂ ಕೊಡ್ಬೇಕೇನಮ್ಮ?" ಎಂದೆ ನಾನು. ಕೋಪ ಇನ್ನೂ ಆರಿರಲಿಲ್ಲ.

"ಹತ್ರ ಇದ್ದೋರಿಗೆಲ್ಲ ಕೊಡ್ಬೇಕು ಅಂತ ನೀನೇ ಅಲ್ವಾ ಹೇಳಿದ್ದು. ಇವತ್ತು ಹತ್ರ ಇದ್ದೋರು ಇವರೇ."

ಆಮೇಲೆ ಅವಳು ಪಾತಿಯ ಅಂಚಿನಲ್ಲಿಯೇ ಕುಳಿತು ತನ್ನ ಪಾಲನ್ನು ನಿಧಾನವಾಗಿ ತಿಂದಳು. ಲಿಂಗವನ್ನು ನೀರು ಹಾಕಿ ಕರಗಿಸಿ, ಬಂದ ಮಣ್ಣಿಗೇ ಸೇರಿಸಿದಳು.

ನನ್ನ ಕೋಪ ಇಳಿದಿಲ್ಲ. ಇದನ್ನು ಬರೆಯುವಾಗಲೂ ಇಳಿದಿಲ್ಲ. ಇಳಿಯಬೇಕೆಂದು ನಾನು ಪ್ರಾರ್ಥಿಸಿಯೂ ಇಲ್ಲ. ಮನುಷ್ಯನ ದಿನಕ್ಕೆ ಮುಚ್ಚಳ ಹಾಕಿ, ಅವನಿಗೆ ತಿಳಿಯದಂತೆ ಅದನ್ನು ಬರಿದುಮಾಡುವುದು ಕಳ್ಳತನ. ಅದನ್ನು ಮನರಂಜನೆಯೆನ್ನಲು ನನ್ನ ನಾಲಗೆ ಒಪ್ಪುವುದಿಲ್ಲ. ಆದರೆ ತಂಗಿ ಕೊಟ್ಟ ಪ್ರಸಾದವನ್ನು ಅವರೊಡನೆ ನಾನೂ ತಿಂದಿದ್ದೇನೆ. ತಿಂದ ಮೇಲೆ ಹರಸದೆ ಏಳುವಂತಿಲ್ಲ.

ಆದ್ದರಿಂದ, ಹದಿನಾರು ವಾರವೂ ಹಿಡಿದದ್ದನ್ನು ಬಿಡದ ನನ್ನ ತಂಗಿಗೆ ಆರೋಗ್ಯವಿರಲಿ. ದೀಪಕ್ಕೆ ಮರೆಯಾದ ಭಾವನವರ ಕೈಗಳು ಬಹುಕಾಲ ಬೆಚ್ಚಗಿರಲಿ, ಅವರ ಹಸಿವು ಹೊತ್ತಿಗೆ ಸರಿಯಾಗಿ ಬರುತ್ತಿರಲಿ. ಕಾರನ್ನು ಅಡ್ಡ ನಿಲ್ಲಿಸಿದ ಅಳಿಯನಿಗೆ ಶ್ರೇಯಸ್ಸಾಗಲಿ. ಬೆನ್ನು ತಿರುಗಿಸಿ ನಿಂತ ಕಾವಲಿನವನ ಕೆಲಸಕ್ಕೆ ಕುತ್ತು ಬಾರದಿರಲಿ. ಕಪ್ಪು ಕೋಟಿನ ಆ ಮಗಳಿಗೂ, ಹಾಡುತ್ತಲೇ ಊಟ ವಿಚಾರಿಸಿದ ದೋಣಿಯವನಿಗೂ, ಚಪ್ಪಾಳೆ ತಟ್ಟಿದವರಿಗೂ, ಆ ಚಕ್ರದ ಸುತ್ತ ಈಗಲೂ ನಿಂತಿರುವ ಎಲ್ಲರಿಗೂ ಹೊರಗಿನ ಬಾಗಿಲು ಬೇಗ ಸಿಗಲಿ. ಬಾಗಿಲು ತೆರೆದಾಗ ಆಕಾಶದಲ್ಲಿ ಇನ್ನೂ ಸ್ವಲ್ಪ ಬೆಳಕು ಉಳಿದಿರಲಿ.